ಹಸಿರು ಖಣದ ಗಂಟು

ಬಾಗಿಲು ಬಡಿದ ಸದ್ದಿಗೆ ಮನೆಯ ಮೂವರೂ ಎದ್ದರು. ಶೈಲಾ ಚಿಲಕ ತೆಗೆದಳು. ಹೊಸ್ತಿಲಾಚೆ ಹಿಬಾ ನಿಂತಿದ್ದಳು. ತುಂಬು ಬಸುರಿ, ಒಂದೇ ಕಾಲಲ್ಲಿ ಚಪ್ಪಲಿ, ಕಂಕುಳಲ್ಲಿ ಗಂಟು.

"ಮಾಲೀಕ ಹೊರಗೆ ಹಾಕಿದ," ಎಂದಳು ಹರಕುಮುರುಕು ಹಿಂದಿಯಲ್ಲಿ.

ಪುಣೆಗೆ ಓದಲು ಬಂದಿದ್ದ ಹಿಬಾಳ ಊರು ಸುಡಾನಿನ ಯುದ್ಧದಲ್ಲಿ ಸುಟ್ಟುಹೋಗಿತ್ತು. ತಾಯಿಯನ್ನು ಕರೆತರಲು ಹೋದ ಗಂಡನ ಸುದ್ದಿಯಿರಲಿಲ್ಲ. ವೀಸಾ ಮುಗಿದಿತ್ತು. ಪುಣೆಯ ಖರಾಡಿ ಬಡಾವಣೆಯಲ್ಲಿ ಅವಳಿಗೆ ಬಾಡಿಗೆ ಖೋಲಿ ಹುಡುಕಿಕೊಟ್ಟವಳು ಶೈಲಾ. ಮಾಲೀಕನ ಷರತ್ತು ಒಂದೇ: ಒಳಗೆ ಪರದೇಶದವಳಿರುವುದು ಯಾರಿಗೂ ತಿಳಿಯಕೂಡದು. ತಿಳಿದಿದ್ದುದು ಈ ಮೂವರಿಗೆ ಮಾತ್ರ.

ಶೈಲಾ ಗಂಡನತ್ತ ತಿರುಗಿದಳು. "ಯಾರ ಮುಂದ ಬಾಯಿ ಬಿಟ್ರಿ?"

"ನಾ ಯಾಕ ಹೇಳ್ಲಿ?" ಶಿವಪ್ರಕಾಶ ದನಿ ತಗ್ಗಿಸಿದ. "ಇದು ಕಂಪನಿ ಕ್ವಾರ್ಟರ್ಸ್. ವಾಚ್‌ಮನ್ ನೋಡಿದ್ರ ನಮ್ಮನ್ನೂ ಹೊರಗ ಹಾಕ್ತಾರ. ಊರ ಉಸಾಬರಿ ನಿಮಗ್ಯಾಕ ಬೇಕಿತ್ತು?"

"ನೀ ಹೊಟ್ಟ್ಯಾಗಿದ್ದಾಗ ಇಲ್ಲೇ ಭೋಸರಿ ಓಣ್ಯಾಗಿನ ಮಂದಿನೂ ಹಿಂಗ ಅಂದಿದ್ರ, ನೀ ರಸ್ತಾದ ಮ್ಯಾಲ ಹುಟ್ಟತಿದ್ದಿ," ಎಂದಳು ಅವನ ತಾಯಿ ಶಿವಗಂಗವ್ವ. ಗಂಡನನ್ನು ಕಳೆದುಕೊಂಡು ವರ್ಷಗಳಾಗಿದ್ದ ಆಕೆ ದಿನವೂ ಬಸ್ಸು ಹತ್ತಿ ಹಿಬಾಳಿಗೆ ರೊಟ್ಟಿ ಒಯ್ಯುತ್ತಿದ್ದಳು. "ಗುರುತಿಲ್ಲದ ಮರಾಠಿ ಹೆಣ್ಮಗಳು ನನಗ ಖೋಲಿ ಕೊಟ್ಟಳು. ಬಸುರಿ ಉಡಿ ತುಂಬಾಕ ಮಾತ್ರ ಒಬ್ರೂ ಬರಲಿಲ್ಲ. ಆ ಸಂಕಟ ನಿನಗೇನ ಗೊತ್ತು?"

ನೀರು ಕಾಯಿಸಲು ಆಕೆ ಒಳಗೆ ಹೋದಳು.

ಹಿಬಾ ಸೊಂಟ ಹಿಡಿದು ಕುಸಿದಳು. ನೋವು ಶುರುವಾಗಿತ್ತು. ದಾರಿಯಲ್ಲಿ ಒಂದು ಆಸ್ಪತ್ರೆ ಕಾಗದಪತ್ರ ಕೇಳಿ ಅವಳನ್ನು ಹಿಂದಕ್ಕೆ ಕಳಿಸಿತ್ತು. ಕೈಯಿಂದ ಜಾರಿದ ಗಂಟು ಬಿಚ್ಚಿಕೊಂಡಿತು: ರವಿಕೆಯ ಹಸಿರು ಖಣ, ಅಕ್ಕಿ, ತೆಂಗಿನಕಾಯಿ, ಬಳೆ.

"ಇದನ್ನು ಕೊಟ್ಟವರು ಯಾರು?" ಶೈಲಾ ಕೇಳಿದಳು.

"ಸಂಜೆ ಐವರು ಹೆಂಗಸರು ಬಂದರು. ನನ್ನ ಮಡಿಲಿಗೆ ಇಟ್ಟರು, ಹಾಡಿದರು." ಹಿಬಾ ಉಸಿರು ಎಳೆದುಕೊಂಡಳು. "ಹಾಡು ಕೇಳಿ ಓಣಿಯ ಜನ ಸೇರಿದರು. ಅವರೆಲ್ಲ ಹೋದ ಮೇಲೆ ಮಾಲೀಕನೂ ಬಂದ."

"ಅವರನ್ನು ಕರೆತಂದವರು?"

ಹಿಬಾ ತಲೆ ಅಲ್ಲಾಡಿಸಿದಳು. ಹೇಳಲು ಒಲ್ಲಳು.

ಶೈಲಾ ಗಂಡನನ್ನು ನೋಡಿದಳು. ಖಣಕ್ಕೂ ಕರವಸ್ತ್ರಕ್ಕೂ ವ್ಯತ್ಯಾಸ ತಿಳಿಯದ ಮನುಷ್ಯ. ಉಡಿ ತುಂಬಲು ಮುತ್ತೈದೆಯರೇ ಆಗಬೇಕು. ತನ್ನ ಕೈಯಿಂದ ತುಂಬಲಾಗದೆ ಐವರನ್ನು ಕರೆದೊಯ್ಯಬೇಕಾದವಳು ಈ ಮನೆಯಲ್ಲಿ ಒಬ್ಬಳೇ.

ಅಡುಗೆಮನೆಯಲ್ಲಿ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು.

ಶಿವಗಂಗವ್ವ.