ರೇಣು ನೋಡಿದ ಬಣ್ಣದ ಪುಸ್ತಕ

ಹೂಲಿಯ ನಮ್ಮ ಓಣಿಯಲ್ಲಿ ಮಕ್ಕಳು ಊಟಕ್ಕೆ ಸತಾಯಿಸುವುದು ಹೊಸದೇನಲ್ಲ. ಗದರಿಸುತ್ತೇವೆ, ರಮಿಸುತ್ತೇವೆ, ಹೇಗೋ ತಿನ್ನಿಸುತ್ತೇವೆ. ಆದರೆ 2003ರಲ್ಲಿ ಭರಮಪ್ಪನ ಮಗಳು ರೇಣುವಿನದು ಬೇರೆಯೇ ಆಯಿತು. ಒಂದನೇ ತರಗತಿಯ ಹುಡುಗಿ ಮೊದಲು ಚಹಾ ಬಿಟ್ಟಳು. ಆಮೇಲೆ ಬೆಲ್ಲ, ಗುರೆಳ್ಳಿನ ಕಪ್ಪು ಚಟ್ನಿಪುಡಿಯಾದ ಹಿಂಡಿ, ಬದನೆಕಾಯಿ ಪಲ್ಯ. ಕೊನೆಗೆ ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಗಳನ್ನೆಲ್ಲ ಉಗುರಿನಿಂದ ಕಿತ್ತು ಹಾಕಿ, ಉಳಿದ ಚೂರನ್ನಷ್ಟೇ ಬಾಯಿಗಿಡತೊಡಗಿದಳು.

ತಾಯಿ ತಾಯವ್ವ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಳು. ಅಜ್ಜಿ ಲಗಮವ್ವ, ಓಣಿಯ ಮಕ್ಕಳಿಗೆಲ್ಲ ಆಯಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಸವದತ್ತಿಯ ಡಾಕ್ಟರು ಜಂತಿನ ಗುಳಿಗೆ ಕೊಟ್ಟರು, ಟಾನಿಕ್ ಕೊಟ್ಟರು. ಟಾನಿಕ್ ಕಂದು ಬಣ್ಣದ್ದು. ರೇಣು ಬಾಯಿ ತೆರೆಯಲೇ ಇಲ್ಲ. ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಮಗು ಹೀಗೇ ಇಳಿದರೆ ಧಾರವಾಡದ ದವಾಖಾನೆಗೆ ಸೇರಿಸಬೇಕಾದೀತು ಎಂದು ಡಾಕ್ಟರು ಹೇಳಿದ ಮೇಲೆ ತಾಯವ್ವ ಹೊಲಕ್ಕೆ ಹೋಗುವುದನ್ನೂ ನಿಲ್ಲಿಸಿದಳು.

ಪಕ್ಕದ ಮನೆಯ ನೂರಬಿಯ ಮಗಳು ಹಿನಾಕೌಸರ ಬೈಲಹೊಂಗಲದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಳು. ದೀಪಾವಳಿ ರಜೆಗೆ ಬಂದವಳು ಸುದ್ದಿ ಕೇಳಿ ನೋಡಲು ಬಂದಳು.

“ಏನ್ ತಿಂತಾಳ ಅಕ್ಕಾ?”

“ಬರೇ ಹಾಲು, ಬಿಳಿ ಅನ್ನ, ಚುಕ್ಕಿ ಕಿತ್ತ ರೊಟ್ಟಿ ಚೂರು. ದಿನಾ ಹಾಲು ಎಲ್ಲಿಂದ ತರ್ಲೆವ್ವಾ?” ಅಂದಳು ತಾಯವ್ವ.

“ಬಿಳೇದನ್ನ ಅಷ್ಟ ತಿಂತಾಳಂದಂಗಾತು.” ಹಿನಾ ರೇಣುವಿನ ಪಕ್ಕ ಕೂತಳು. ಹುಡುಗಿಯ ತೊಡೆಯ ಮೇಲೆ ಬಣ್ಣದ ಚಿತ್ರಗಳ ಕಥೆ ಪುಸ್ತಕವಿತ್ತು. ಶೇಂಗಾ ಮಾರಲು ಬೈಲಹೊಂಗಲಕ್ಕೆ ಹೋಗಿದ್ದ ಭರಮಪ್ಪ ಮಗಳಿಗೆಂದು ಬಸ್ ಸ್ಟ್ಯಾಂಡಿನಲ್ಲಿ ಆಸೆಯಿಂದ ಕೊಂಡು ತಂದದ್ದು.

“ಕರ್ರಂದು ಯಾಕ ಒಲ್ಲಿ ರೇಣು?”

ರೇಣು ಪುಸ್ತಕ ತೆರೆದು ಒಬ್ಬ ಹೆಂಗಸಿನ ಚಿತ್ರದ ಮೇಲೆ ಬೆರಳಿಟ್ಟಳು. ಇಡೀ ಪುಸ್ತಕದಲ್ಲಿ ಕಪ್ಪಗಿದ್ದವಳು ಅವಳೊಬ್ಬಳೇ.

“ಇಕಿ ಹುಡುಗ್ರನ್ನ ಕದಿತಾಳ. ಕಡೀಕ ಎಲ್ಲಾರೂ ಕೂಡಿ ಇಕಿನ್ನ ಬಾವ್ಯಾಗ ದಬ್ಬತಾರ. ಚಾ ಕುಡದ್ರ ಕರ್ರಗ ಆಗ್ತಿ ಅಂತ ಆಯಿ ಅಂದಾಳ. ನನ್ನೂ ದಬ್ಬತಾರ.”

ತಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಗಮವ್ವನಿಗೆ ಸಿಟ್ಟು ಬಂತು.

“ಸಣ್ಣವ್ರು ಚಾ ಬಾಳ ಕುಡೀಬಾರ್ದಂತ ಹಂಗ ಹೇಳತೇವಿ. ನಮ್ಮವ್ವನೂ ನನಗ ಹೇಳಿದ್ಲು, ನನಗೇನಾಗೇತಿ? ಚಿತ್ರ ನೋಡಿ ಯಾರರ ಊಟ ಬಿಡ್ತಾರೇನ? ಓದಿದವ್ರು ಏನರ ಒಂದು ಹೇಳ್ತೀರಿ.”

“ನೀವ ಒಮ್ಮೆ ನೋಡ್ರಿ ಆಯಿ. ಓದಾಕ ಬರದಿದ್ರೂ ನಡೀತೈತಿ, ಚಿತ್ರ ನೋಡಿದ್ರ ಸಾಕು. ಬಂಗಾರ ಕೂದಲದಾಕಿ ರಾಣಿ ಆಗ್ತಾಳ, ಗುಲಾಬಿ ಗಲ್ಲದಾಂವ ಗೆಲ್ತಾನ. ಇದ್ರಾಗ ನಮ್ಮಂಥವ್ರು ಎಲ್ಲಿ ಅದಾರ? ನನ್ನಂಥ ಹೆಸರಿನಾಕಿ ಇಲ್ಲ, ರೇಣುನ ಮೈಬಣ್ಣದಾಕಿ ಇಲ್ಲ. ದಿನಾ ಇದನ್ನ ನೋಡೋ ಕೂಸು ತನ್ನ ಬಗ್ಗೆ ಏನ್ ತಿಳಕೋಬೇಕು?”

ಲಗಮವ್ವ ಪುಸ್ತಕವನ್ನು ಬೆಳಕಿಗೆ ಹಿಡಿದು ಒಂದೊಂದೇ ಪುಟ ತಿರುವಿದಳು. ಆ ಕಪ್ಪು ಹೆಂಗಸಿನ ಚಿತ್ರ ಬಂದಾಗ ಕೈ ನಿಂತಿತು. ನೆರೆತ ಕೂದಲು, ಸುಕ್ಕುಗಟ್ಟಿದ ಮುಖ, ಕಪ್ಪು ಕೈಗಳು.

“ಇಕಿ ನನ್ನಂಗ ಅದಾಳಲ್ಲ,” ಅಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. “ಅದಕ್ಕೇನವ್ವಾ, ನನ್ನ ಮಗ್ಗಲಾಗ ಮಲಗೂದ್ನೂ ಬಿಟ್ಟಿ?”

ರೇಣು ತಲೆ ತಗ್ಗಿಸಿದಳು. ಮುದುಕಿ ಅತ್ತುಬಿಟ್ಟಳು.

ತಾಯವ್ವ ಪುಸ್ತಕ ಕಸಿದುಕೊಂಡು ಒಲೆಯ ಕಡೆ ನಡೆದಳು. ಹಿನಾ ತಡೆದಳು. “ಸುಟ್ರೂ ಆಕಿ ತಲ್ಯಾಗಿಂದ ಹೋಗೂದಿಲ್ಲ ಅಕ್ಕಾ. ಬ್ಯಾರೆ ಕಥಿ ಬೇಕು. ಆಯಿ, ನೀವ ಹೇಳ್ರಿ.”

ಲಗಮವ್ವ ಕಣ್ಣೊರೆಸಿಕೊಂಡು ಶುರು ಮಾಡಿದಳು. ಒಮ್ಮೆ ಗುಡ್ಡದಲ್ಲಿ ಎಮ್ಮೆ ಕಳೆದಿತ್ತಂತೆ. ಗಂಡಸರೆಲ್ಲ ಹುಡುಕಿ ಸೋತು ಬಂದರಂತೆ. ಒಬ್ಬ ಹುಡುಗಿ ಒಬ್ಬಳೇ ಹೋಗಿ ಅದನ್ನು ಮನೆಗೆ ಹೊಡೆದುಕೊಂಡು ಬಂದಳಂತೆ.

“ಆಕಿ ಬೆಳ್ಳಗಿದ್ಲೇನು?” ರೇಣು ಕೇಳಿದಳು.

“ಇಲ್ಲವ್ವಾ, ಕರ್ರಗಿದ್ಲು. ನಾನ ಆಕಿ.”

“ನಿನ್ನ ಯಾರೂ ದಬ್ಬಲಿಲ್ಲೇನು?”

“ನಮ್ಮಪ್ಪ ಹೆಗಲ ಮ್ಯಾಲೆ ಹೊತ್ತು ಮೆರೆಸಿದ.”

ಅವತ್ತು ರೇಣು ಅಜ್ಜಿಯ ತಾಟಿನಿಂದ ರೊಟ್ಟಿ, ಗುರೆಳ್ಳು ಹಿಂಡಿ ತಿಂದಳು. ಒಂದೇ ತುತ್ತು. ಮೈ ತುಂಬಿಕೊಳ್ಳಲು ಎಷ್ಟೋ ತಿಂಗಳು ಹಿಡಿಯಿತು. ಹಿನಾ ಆ ಕಥೆಗೆ ಚಿತ್ರ ಬರೆದು, ಹಾಳೆಗಳನ್ನು ಹೊಲಿದು ಕೊಟ್ಟಳು. ಚಹಾ ಕುಡಿದರೆ ಕಪ್ಪಗಾಗುತ್ತಿ ಎಂದು ಈಗ ಯಾರಾದರೂ ಮಕ್ಕಳಿಗೆ ಹೇಳಲಿ, ಲಗಮವ್ವ ಅವರನ್ನು ಸುಮ್ಮನೆ ಬಿಡುವುದಿಲ್ಲ.

ಈ ಕಥೆ ಕೇಳುತ್ತಿರುವ ತಾಯಂದಿರೆ, ತಂದೆಯರೆ, ಟೀಚರ್‌ಗಳೆ, ಮಕ್ಕಳಿಗೆ ಪುಸ್ತಕ ತನ್ನಿ, ಖಂಡಿತ ತನ್ನಿ. ಆದರೆ ಅಂಗಡಿಯಲ್ಲೇ ತೆರೆದು ನೋಡಿ. ಗೆಲ್ಲುವವರು ಯಾರು, ಏಟು ತಿನ್ನುವವರು ಯಾರು? ನಮ್ಮ ಬಣ್ಣದವರು, ನಮ್ಮ ಓಣಿಯ ಹೆಸರಿನವರು ಅದರಲ್ಲಿ ಇದ್ದಾರೆಯೇ? ಇಲ್ಲದಿದ್ದರೆ ನೀವೇ ಕಥೆ ಹೇಳಿ. ಇವತ್ತೇ ನಿಮ್ಮ ಮಗುವಿನ ಮುಂದೆ ಅದರ ಪುಸ್ತಕ ತೆರೆದಿಟ್ಟು, ಇದರಲ್ಲಿ ನೀನು ಯಾರು ಎಂದು ಕೇಳಿ. ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ತನಕ ಏಳಬೇಡಿ.