ಅಳಿಯನಿಗೊಂದು ಕಾರು

ಹಿಂದೆ ಒಬ್ಬ ರಾಜ ಮಗಳ ಮುಂದೆ ಎರಡು ಪಲ್ಲಕ್ಕಿ ಇಟ್ಟು ಯಾವುದು ಬೇಕೆಂದು ಕೇಳಿದನಂತೆ. ಎಲ್ಲಿಗೆ ಹೋಗುತ್ತೀ ಎಂದು ಮಾತ್ರ ಕೇಳಲಿಲ್ಲವಂತೆ. ರಾಯವ್ವಜ್ಜಿ ಹೇಳಿದ ಈ ಕಥೆ, ಸಂಕೇಶ್ವರದಲ್ಲಿ ಮಾರಾಟಕ್ಕಿದ್ದ ಹಳೆಯ ಜರ್ಮನ್ ಕಾರಿನೊಳಗೆ ಕೂತಾಗ ನೆನಪಾಯಿತು.

ಹುಕ್ಕೇರಿಯ ವರನ ಕಡೆಯವರು ಬಂದು ಮದುವೆ ಗೊತ್ತುಮಾಡಿ ಸಕ್ಕರೆ ಹಂಚುವ ಶಾಸ್ತ್ರ ಮುಗಿಸಿ ಹೋಗಿದ್ದರು. ಬೇಡವೆನ್ನಲು ಅಂದು ನನಗೆ ಬಾಯಿ ಬರಲಿಲ್ಲ. "ಇವತ್ತರ ನಿಮ್ಮಪ್ಪಗ ಹೇಳು" ಎಂದು ಅಜ್ಜಿ ಬೆಳಿಗ್ಗೆ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು.

ಅಳಿಯನಿಗೆ ಕೊಡುವ ಕಾರು ನೋಡಲು ಅಪ್ಪನ ಜೊತೆ ಬಂದಿದ್ದ ಕಾಕಾ ಹೊರಗಿನಿಂದ ಬಾಗಿಲು ಮುಚ್ಚಿದ. ಗಾಜು ಇಳಿಸುವ ಗುಂಡಿ ಒತ್ತಿದೆ, ಇಳಿಯಲಿಲ್ಲ. ಹೊರಗೆ ನಿಂತ ಅಪ್ಪ, ಕಾಕಾರ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು.

"ಏನ್ ಗತ್ತೈತಿ ನೋಡಣ್ಣಾ! ಇದು ಬೀಗರ ಬಾಗಲಕ್ಕ ನಿಂತ್ರ ಊರ ಎದ್ದ್ ಬರತೈತಿ."

"ಕೆಟ್ರ ಸಾಮಾನಿಗೆ ಕೊಲ್ಲಾಪುರಕ್ಕ ಓಡಬೇಕಲ್ಲೋ, ಸೋಮ್ಯಾ. ಹೊಸಾ ಸಣ್ಣ ಗಾಡಿ ಆದ್ರ ಗೋಕಾಕದಾಗ ರಿಪೇರಿ ಆಕ್ಕೈತಿ."

"ಸಣ್ಣದು ಕೊಟ್ರ ಅಳಿಯಾನ ಮಾರೀನೂ ಸಣ್ಣ ಆಕ್ಕೈತಿ!"

ಅಪ್ಪ ನಗುತ್ತಾ ಬಾಗಿಲು ತೆರೆದರು. "ದೀಪಾ, ನೀನ ಹೇಳವಾ. ಈ ಹಳೇದೋ, ಹೊಸಾದೋ?"

ಅಪ್ಪನ ಕೈ ಹಿಡಿದುಕೊಂಡು ಕೆಳಗಿಳಿದೆ.

"ಅಪ್ಪಾ, ಯಾವ ಗಾಡಿ ತಂದ್ರೂ ನಾ ಅದರಾಗ ಹುಕ್ಕೇರಿಗೆ ಹೋಗಂಗಿಲ್ಲ. ನನಗ ಈ ಮದವಿ ಬ್ಯಾಡ."