ನಾಲ್ಕನೆಯ ನರೂಲಿ

ಇದನ್ನು ನಾನು ಹೇಳುವುದೇ ಸರಿಯಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮುಖ ನಮ್ಮ ಅತ್ತಿಗೆ ಗುರುಬಸಮ್ಮನದು, ಹೇಳಬೇಕಾದವಳೂ ಅವಳೇ. ಆದರೆ ಅವಳು ಹೇಳಿದರೆ ನನ್ನ ತಪ್ಪನ್ನು ಸಣ್ಣದು ಮಾಡಿ ಹೇಳುತ್ತಾಳೆ.

ನಾನು ಕುರುಗೋಡಿನಲ್ಲಿ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುತ್ತೇನೆ. ಮದುವೆಗೆ ಮೊದಲು ಬಳ್ಳಾರಿಯ ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೆ. ಹಾಗಾಗಿ ನಮ್ಮ ಬಳಗದಲ್ಲಿ ಯಾರಿಗೆ ಆಧಾರ್ ತಿದ್ದಿಸಬೇಕಾದರೂ, ಯಾರು ಆಸ್ಪತ್ರೆಗೆ ಹೊರಟರೂ, ದುರ್ಗಾದೇವಿನ್ನ ಕರಕೊಂಡು ಹೋಗ್ರಿ, ಓದ್ಯಾಳ ಅನ್ನುತ್ತಾರೆ. ಅರ್ಧ ತಿಳಿದರೂ ಪೂರಾ ತಿಳಿದವಳಂತೆ ತಲೆ ಆಡಿಸುವುದು ನನಗೆ ಹೀಗೆ ರೂಢಿಯಾಯಿತು.

ಅತ್ತಿಗೆ ಸಿರುಗುಪ್ಪದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಮುಖದ ಮೇಲೆ ನಾಲ್ಕು ನರೂಲಿ ಇದ್ದವು. ಎರಡು ಕಣ್ಣಿನ ರೆಪ್ಪೆಯ ಹತ್ತಿರ, ಒಂದು ಕಿವಿಯ ಮುಂದೆ, ಮೂರೂ ಮೈಬಣ್ಣದವು, ಜೋತುಬಿದ್ದವು. ನಾಲ್ಕನೆಯದು ದವಡೆಯ ಮೇಲೆ. ಅದೂ ಜೋತುಬಿದ್ದಿತ್ತು, ಆದರೆ ಕಪ್ಪು. ಮಕ್ಕಳು ಕೇಳಿದರೆ, ಒಗ್ಗರಣಿ ಸಿಡಿದು ಸಾಸಿವಿ ಹತ್ಯಾವು ಅನ್ನುತ್ತಿದ್ದಳು. ಹೊಸ ಚಸ್ಮದ ಕಡ್ಡಿ ಕಿವಿಯ ಮುಂದಿನದಕ್ಕೆ ತಿಕ್ಕಿ ರಕ್ತ ಬಂದ ಮೇಲೆ ಬಳ್ಳಾರಿಗೆ ಹೋದೆವು.

ಚರ್ಮದ ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಮರಗಟ್ಟಿಸಿ ಸಣ್ಣ ಕತ್ತರಿಯಿಂದ ಕತ್ತರಿಸಬಹುದು, ಕರೆಂಟಿನಿಂದ ಸುಡಬಹುದು. ಹೆಪ್ಪುಗಟ್ಟಿಸಿ ಉದುರಿಸುವುದೂ ಉಂಟು, ಕಣ್ಣಿನ ಹತ್ತಿರ ಅದು ಬೇಡ. ತೊಂದರೆ ಕೊಡದಿದ್ದರೆ ಹಾಗೇ ಬಿಟ್ಟರೂ ನಡೆಯುತ್ತದೆ. ಇಷ್ಟು ನನಗೆ ತಿಳಿಯಿತು. ಆಮೇಲೆ ದವಡೆಯ ಮೇಲಿನದಕ್ಕೆ ಒಂದು ಭೂತಗನ್ನಡಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, ಇದನ್ನ ಎಕ್ಸೈಸ್ ಮಾಡಿ ಹಿಸ್ಟೋಗೆ ಕಳಿಸೋಣ ಅಂದರು. ನನಗೆ ಗೊತ್ತಿದ್ದ ಎಕ್ಸೈಸ್ ಎಂದರೆ ಅಬಕಾರಿ ಇಲಾಖೆ. ಹಿಸ್ಟೋ ಎಂದದ್ದು ಹಿಸ್ಟರಿ ಎಂದಂತೆ ಕೇಳಿತು, ಅದು ನಾನು ಬಿ.ಎ.ಯಲ್ಲಿ ಓದಿದ ವಿಷಯ. ತಲೆ ಆಡಿಸಿದೆ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿದ್ದರು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಕೇಳಲು ನಾಚಿಕೆಯಾಯಿತು.

ಹೊರಗೆ ಬಂದ ಮೇಲೆ ಅತ್ತಿಗೆ ಕೇಳಿದಳು, "ಕರೇದಕ್ಕ ಏನಂದ್ರು?"

"ಅದೂ ಹಂಗ ಅಂತ," ಅಂದೆ.

ಕತ್ತರಿ ಅಂದರೆ ಅವಳಿಗೆ ಭಯ. ಕರೆಂಟು ಕುಡತಿನಿ ಪವರ್ ಹೌಸಿನ್ಯಾಗ ಇರಲಿ, ನನ್ನ ಮಾರಿಗೆ ಬ್ಯಾಡ ಎಂದು ನಗಾಡಿ, ನಿನ್ನ ಕುಚ್ಚಿನ ದಾರ ಐತಲ್ಲ, ನೀನ ಬಿಗಿದು ಕಟ್ಟು ಅಂದಳು. ನಮ್ಮಲ್ಲಿ ಹಿಂದಿನವರು ಕುದುರೆ ಬಾಲದ ಕೂದಲು ಕಟ್ಟುತ್ತಿದ್ದರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನನ್ನ ಗಂಟು ಬಿಚ್ಚುವುದಿಲ್ಲ ಎಂಬ ಹೆಮ್ಮೆಯೂ ಒಳಗೆ ಸ್ವಲ್ಪ ಇತ್ತು. ರೆಪ್ಪೆಯವನ್ನು ಬಿಟ್ಟು ಕಿವಿಯ ಮುಂದಿನದಕ್ಕೂ ದವಡೆಯದಕ್ಕೂ ರೇಷ್ಮೆ ಎಳೆ ಬಿಗಿದೆ.

ಕಿವಿಯ ಮುಂದಿನದು ಮೊದಲೇ ಬಿದ್ದಿತ್ತು, ಎಂಟನೆಯ ದಿನ ಕರೇದೂ ಬಿತ್ತು ಎಂದು ಸಿರುಗುಪ್ಪದಿಂದ ಫೋನ್ ಮಾಡಿದಳು. ಬಿದ್ದ ನರೂಲಿಯನ್ನು ಒಂದು ಹಿಡಿ ಉಪ್ಪಿನ ಜೊತೆ ಹರಿಯುವ ನೀರಿಗೆ ಬಿಡುವುದು ನಮ್ಮ ಪದ್ಧತಿ. ಉಪ್ಪು ಕರಗಿದಂತೆ ಅದೂ ಕರಗುತ್ತದೆ, ತಿರುಗಿ ಬರುವುದಿಲ್ಲ ಎಂಬ ನಂಬಿಕೆ. ಕಾಲುವೆಗೆ ಬಿಟ್ಟು ಬಂದೆ ಅಂದಳು. ನಾನು ಚಲೋ ಆಯ್ತು ಅಂದೆ.

ಎರಡು ತಿಂಗಳಿಗೆ ಆ ಜಾಗದ ಅಂಚು ಮತ್ತೆ ಕಪ್ಪಾಯಿತು. ಪುನಃ ಅದೇ ಡಾಕ್ಟರು.

"ಅವತ್ತೇ ಹೇಳಿದ್ದೆನಲ್ಲಮ್ಮಾ, ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು ಅಂತ. ಬಿದ್ದ ತುಂಡು ಎಲ್ಲಿ?"

"ಕಾಲುವಿಗೆ ಬಿಟ್ಟೀನ್ರಿ," ಅಂದಳು ಅತ್ತಿಗೆ. ಆಮೇಲೆ ಮೆಲ್ಲಗೆ, "ಉಪ್ಪಿನ ಜೊತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅತ್ತಿಗೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಉಳಿದಿದ್ದ ಕಲೆಯನ್ನು ಅವತ್ತೇ ಮರಗಟ್ಟಿಸಿ ಕತ್ತರಿಸಿದರು. ಅವಳು ಹೆದರುತ್ತಿದ್ದ ಕತ್ತರಿ ಕಾಲು ಗಂಟೆಯ ಕೆಲಸವಾಗಿತ್ತು.

ವಾಪಸು ಬಸ್ಸಿನಲ್ಲಿ ನಾನೇ ಬಾಯಿ ಬಿಟ್ಟೆ. ಅವತ್ತು ಡಾಕ್ಟರು ಅಂದದ್ದು ನನಗೆ ತಿಳಿದೇ ಇರಲಿಲ್ಲ ಅಂದೆ. ಅಬಕಾರಿಯ ಮಾತನ್ನೂ ಹೇಳಿದೆ.  ದವಡೆಯ ಪಟ್ಟಿ ಬಿಗಿದಿದ್ದರಿಂದ ಅವಳ ಮಾತು ಸಣ್ಣಗೆ ಬಂತು.

"ತಿಳೀಲಿಲ್ಲ ಅಂತ ಅನ್ನಬೇಕಿತ್ತಿಲ್ಲೇನವ್ವಾ. ನನಗೂ ತಿಳಿದಿದ್ದಿಲ್ಲ. ಇಬ್ಬರೂ ದಡ್ಡರಾಗಿ ಮತ್ತೊಂದು ಸಲ ಕೇಳತಿದ್ವಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಹತ್ತು ದಿನಕ್ಕೆ ವರದಿ ಬಂತು. ಈ ಸಲ ಒಂದೊಂದು ಪದವನ್ನೂ ಕೇಳಿದೆ. ಹಿಂದೆ ಕಾಯುತ್ತಿದ್ದವರು ಗೊಣಗಿದರು, ಆದರೂ ಕೇಳಿದೆ. ಕಳಿಸಿದ ಚೂರಿನಲ್ಲಿ ಗಾಯದ ಕಲೆ, ಸ್ವಲ್ಪ ಕಪ್ಪು ಬಣ್ಣ ಅಷ್ಟೇ ಇದೆ, ಕ್ಯಾನ್ಸರಿನಂಥ ಕೆಟ್ಟದ್ದೇನೂ ಕಾಣಲಿಲ್ಲ. ಆದರೆ ಮೊದಲು ಬಿದ್ದದ್ದು ಏನಾಗಿತ್ತು ಎಂದು ಇದರಿಂದ ಹೇಳಲು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಎರಡು ಸಲ ತೋರಿಸಿ ಬಂದಿದ್ದೇವೆ. ಎರಡೂ ಸಲ ಅತ್ತಿಗೆ ನನ್ನನ್ನೇ ಕರೆದಳು. ಅದು ಬರೀ ನರೂಲಿಯಾಗಿತ್ತೋ ಬೇರೆ ಏನಾದರೂ ಆಗಿತ್ತೋ, ಡಾಕ್ಟರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.